ಬೆಂಗಳೂರು ಬಿಟ್ಟು ಬರುವ ಮೊದಲು

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ದಾವಣಗೆರೆಗೇ ಬಂದು ಇರುತ್ತೇನೆ ಅಂತ ಬರೆದಿದ್ದೀಯ. ಖುಷಿಯಾಯಿತು. ಆದರೆ "ಅಲ್ಲಿ ನೆಮ್ಮದಿಯಾಗಿರಬಹುದು" ಅಂದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ಸಂಜೆ ಗಾಂಧಿ ಸರ್ಕಲ್ಲಿನ ಹಾರ್ನು ಕೇಳಿದ್ದೀಯಾ? ನೆಮ್ಮದಿ ನಾನು ಹೇಳಲಾರೆ, ಹೊತ್ತು ಮಾತ್ರ ಖಂಡಿತ ಸಿಗುತ್ತದೆ. ವಿದ್ಯಾನಗರದಿಂದ ಮಂಡಿಪೇಟೆಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ ಸಾಕು.

ಆ ಹೊತ್ತನ್ನು ಏನು ಮಾಡುತ್ತೀಯ ಅಂತ ಈಗಲೇ ಯೋಚಿಸು. ಇಲ್ಲದಿದ್ದರೆ ನಾವೇ ತುಂಬಿಸಿಬಿಡುತ್ತೇವೆ. ಇವತ್ತು ಗೃಹಪ್ರವೇಶ, ನಾಳೆ ಆಸ್ಪತ್ರೆಯಲ್ಲಿ ಯಾರನ್ನೋ ನೋಡುವುದು, ನಾಡಿದ್ದು ಸೀಮಂತ. ಹೋಗದಿದ್ದರೆ ವರ್ಷಗಟ್ಟಲೆ ನೆನಪಿಡುತ್ತಾರೆ. ಹೋಗು, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೆ ಎರಡು ಸಂಜೆ ನೀನು ಸಿಗುವುದಿಲ್ಲ ಅನ್ನುವುದು ಮೊದಲ ತಿಂಗಳೇ ಎಲ್ಲರಿಗೂ ಗೊತ್ತಾಗಲಿ. ಆಮೇಲೆ ಹೇಳಿದರೆ ಸೊಕ್ಕು ಅಂತಾರೆ. ಯಾರ ಜೊತೆ ಬೆಣ್ಣೆ ದೋಸೆ ತಿಂದೆ ಅನ್ನುವ ಸುದ್ದಿಯೂ ನಿನಗಿಂತ ಮೊದಲೇ ಮನೆ ಮುಟ್ಟುತ್ತದೆ. ಅದಕ್ಕೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ.

ಕೆಲಸದ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಇದು ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಜಂಬ ಬೇರೆ. ನಿನ್ನಜ್ಜ ನೂಲುವ ಖಾತೆಯಲ್ಲಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಅವರ ಕೈಯಲ್ಲಿದ್ದ ಕಸುಬನ್ನು ಕೇಳುವವರೇ ಇರಲಿಲ್ಲ. ಬರಬೇಕಾದ ಬಾಕಿಗೆ ಅಲೆದು ಅಲೆದು ಸಾಕಾಗಿ, ಕೊನೆಗೆ ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತರು. ದೊಡ್ಡ ಊರಾಗಿದ್ದರೆ ಇನ್ನೊಂದು ಗಿರಣಿ ಸಿಗುತ್ತಿತ್ತೋ ಏನೋ. ಇಲ್ಲಿ ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದೂ ಮುಚ್ಚಿರುತ್ತದೆ.

ಊರಿನ ಕೈ ಹಿಡಿದದ್ದು ಕಾಲೇಜುಗಳು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲೇ ಶುರುವಾಗಿತ್ತು, ಜೆಜೆಎಂ ಮೆಡಿಕಲ್ ಕಾಲೇಜು 1965ರದ್ದು. ವಿಶ್ವವಿದ್ಯಾಲಯ ಬಂದಿದ್ದು 2009ರಲ್ಲಿ. ಈಗ ಮೆಸ್ಸು, ಪಿಜಿ, ಜೆರಾಕ್ಸ್ ಅಂಗಡಿ ಎಲ್ಲ ನಡೆಯುವುದು ಓದಲು ಬಂದ ಮಕ್ಕಳಿಂದ. ಕಾಲೇಜು, ಆಸ್ಪತ್ರೆ, ವ್ಯಾಪಾರ ಬಿಟ್ಟರೆ ನಿನ್ನಂಥವಳಿಗೆ ಕೆಲಸ ಕಮ್ಮಿ. ನಿನ್ನ ಕಂಪನಿಯವರು ಮನೆಯಿಂದಲೇ ಮಾಡು ಅಂದಿದ್ದಾರೆ, ಸರಿ. ನಾಳೆ ವಾಪಸ್ ಬಾ ಅಂದರೆ? ಬಾಯಿಮಾತು ನಂಬಬೇಡ, ಬರೆಸಿಕೋ. ಆರು ತಿಂಗಳ ಸಂಬಳ ಮುಟ್ಟದೆ ಇಡು. ಅಲ್ಲಿಯ ಸ್ನೇಹಿತರನ್ನು ಆಗಾಗ ಹೋಗಿ ನೋಡುತ್ತಿರು. ಮಧ್ಯಾಹ್ನ ವಂದೇ ಭಾರತ್ ಹತ್ತಿದರೆ ರಾತ್ರಿ ಊಟಕ್ಕೆ ಬೆಂಗಳೂರು.

ಇನ್ನು ಮನೆ. ಮೇಲಿನ ಮಹಡಿಯದ್ದು ಬೇಡ, ಏಪ್ರಿಲ್ ಬಿಸಿಲಿಗೆ ಬೆಂದು ಹೋಗುತ್ತೀಯ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಇದೆಯಾ ಅನ್ನುವುದನ್ನು ಮಾಲೀಕರನ್ನು ಕೇಳಬೇಡ, ಪಕ್ಕದ ಮನೆಯವರನ್ನು ಕೇಳು. ಕುಂದವಾಡ ಕೆರೆಗೆ ಹತ್ತಿರವಾದರೆ ಒಳ್ಳೆಯದು. ಬೆಳಿಗ್ಗೆ ಏರಿ ಮೇಲೆ ನಡೆಯಬಹುದು. ಅಲ್ಲಿ ಮಾತಿಗೆ ಸಿಕ್ಕವರು ನೆಂಟರಲ್ಲ ಅನ್ನುವುದೇ ಒಂದು ಲಾಭ, ಅಲ್ವಾ?

ಎಂಸಿಸಿ ಬಿ ಬ್ಲಾಕಿನಲ್ಲಿ ಕೆಳಗಿನ ಮನೆಯೊಂದು ಖಾಲಿ ಇದೆಯಂತೆ. ಭಾನುವಾರ ನೋಡಿ ಬರುತ್ತೇನೆ. ಬಾಡಿಗೆ ಎಷ್ಟರವರೆಗೆ ಕೊಡಬಲ್ಲೆ ಅಂತ ಅಷ್ಟರೊಳಗೆ ತಿಳಿಸು. ನಿಮ್ಮಪ್ಪನಿಗೂ ಒಂದು ಮಾತು ಹೇಳಿರು.

ಇತಿ,
ನಿನ್ನ ಅತ್ತೆ