ಕೋಳಿ ಮೊಟ್ಟೆ 18ನೇ ದಿನಕ್ಕೆ ಬಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹಲವರು ಇನ್‌ಕ್ಯುಬೇಟರ್‌ಗೆ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ) ಇಟ್ಟ ನಾಟಿ ಮೊಟ್ಟೆಗಳು ಈ ವಾರ 18ನೇ ದಿನಕ್ಕೆ ಬರುತ್ತಿವೆ. ಅದಕ್ಕೇ ಈ ಸೂಚನೆ.

ಇನ್ನು ಮೊಟ್ಟೆ ತಿರುಗಿಸುವುದು ಬೇಡ. ತಿರುಗಿಸುವ ಟ್ರೇ ಇದ್ದರೆ ಅದನ್ನು ತೆಗೆದು, ಮೊಟ್ಟೆಗಳನ್ನು ಜಾಲರಿ ಮೇಲೆ ಮಲಗಿಸಿ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಬಿಸಿ 37.5 ಡಿಗ್ರಿ ಆಸುಪಾಸಿನಲ್ಲೇ ಇರಲಿ. ತೇವಾಂಶ ಮಾತ್ರ ಶೇ. 65–70ಕ್ಕೆ ಏರಿಸಿ. ನೀರಿನ ತಟ್ಟೆ ಸಾಲದಿದ್ದರೆ ಒದ್ದೆ ಸ್ಪಂಜ್ ಇಡಿ.

ಇನ್ನು ಮುಚ್ಚಳದ ವಿಷಯ. ದಯವಿಟ್ಟು ಕೈಕಟ್ಟಿ ಕೂತುಕೊಳ್ಳಿ! ಮೊದಲ ಬಿರುಕು ಕಂಡ ಮೇಲೂ ಮರಿ ಹೊರಬರಲು 24 ಗಂಟೆ ಹಿಡಿಯಬಹುದು. ಸುಮ್ನೆ ಮಲಗಿದೆ ಅನ್ನಿಸಿದರೂ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಪೊರೆಯ ರಕ್ತನಾಳಗಳು ಇನ್ನೂ ಹಸಿಯಾಗಿರುತ್ತವೆ. ಆಗ ಉಗುರಿನಿಂದ ಚಿಪ್ಪು ಬಿಡಿಸಿದರೆ ರಕ್ತ ಸೋರುತ್ತದೆ. ಪದೇ ಪದೇ ಮುಚ್ಚಳ ತೆಗೆದರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಹುಟ್ಟಿದ ಮರಿಗೆ ತಕ್ಷಣ ಮೇವು ಬೇಕಿಲ್ಲ, ಆ ಹಳದಿಯೇ ಒಂದು ದಿನಕ್ಕೆ ಧಾರಾಳ. ಮೈ ಒಣಗಿ ಪುಕ್ಕ ಉಬ್ಬಿದ ಮೇಲೆ ಬ್ರೂಡರ್‌ಗೆ (ಮರಿಗಳನ್ನು ಬೆಚ್ಚಗಿಡುವ ಗೂಡಿಗೆ) ಹಾಕಿ.

ಕರೆಂಟ್ ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಮುಚ್ಚಬೇಡಿ. ಮರಿ ಹೊರಬರುವ 21ನೇ ದಿನ ಆಯ್ತು ಅಂತ ಉಳಿದ ಮೊಟ್ಟೆ ಎಸೆಯಬೇಡಿ, 23ರವರೆಗೆ ಬಿಡಿ. ಬಾತುಕೋಳಿ ಮೊಟ್ಟೆ ಇಟ್ಟವರಿಗೆ ಈ ಲೆಕ್ಕ ಬೇರೆ: ಅದಕ್ಕೆ 28 ದಿನ ಬೇಕು, 25ರವರೆಗೂ ತಿರುಗಿಸುತ್ತಿರಿ.