ಮೇಲ್ಮುದ್ರಣದ ಚೀಟಿಗಳಿಗೂ ಪ್ರದರ್ಶನ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಅಮೆರಿಕನ್ ಅಂಚೆ ಚೀಟಿಗಳನ್ನು ಸಂಗ್ರಹಿಸುವವರು ಕೊಡಗಿನಲ್ಲೂ ಇದ್ದೇವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನಡೆದ ಮಾನ್‌ಮೌತ್ ಕದನದ 150ನೇ ವರ್ಷದ ನೆನಪಿಗೆ 1928ರಲ್ಲಿ ಅಲ್ಲಿನ ಅಂಚೆ ಇಲಾಖೆ ಹೊಸ ಚಿತ್ರ ಬರೆಸದೆ, ಚಲಾವಣೆಯಲ್ಲಿದ್ದ ಎರಡು ಸೆಂಟಿನ ಕೆಂಪು ವಾಷಿಂಗ್ಟನ್ ಚೀಟಿಯ ಮೇಲೆಯೇ ‘ಮೋಲಿ ಪಿಚರ್’ ಎಂದು ಕಪ್ಪು ಅಕ್ಷರಗಳಲ್ಲಿ ಅಚ್ಚೊತ್ತಿಸಿತು; ಇದೇ ಮೇಲ್ಮುದ್ರಣ. ರಣರಂಗದಲ್ಲಿ ಸೈನಿಕರಿಗೆ ನೀರು ಹೊತ್ತವಳೆಂದು ಜನ ನೆನೆಯುವ ಆ ಹೆಣ್ಣಿನ ಹೆಸರು, ಮನೆಮನೆಯಿಂದ ಸೈನ್ಯ ಸೇರಿದ ನಮ್ಮ ನಾಡಿನವರಿಗೆ ಬೇಗ ಆಪ್ತವಾಗುತ್ತದೆ. ಅದೇ ವರ್ಷ ಹವಾಯಿಗಾಗಿಯೂ ಎರಡು ಮತ್ತು ಐದು ಸೆಂಟಿನ ಚೀಟಿಗಳಿಗೆ ಮೇಲ್ಮುದ್ರಣವಾಯಿತು.

ಸಾಧಾರಣ ಚೀಟಿಗೆ ಅಕ್ಷರ ಒತ್ತಿ ನಕಲಿ ಮಾಡುವುದು ಸುಲಭವಾದ್ದರಿಂದ, ಹೊಸಬರು ಭೂತಗನ್ನಡಿಯಲ್ಲಿ ಅಕ್ಷರಗಳ ಅಳತೆಯನ್ನು ಅಸಲಿಯೊಂದಿಗೆ ಹೋಲಿಸದೆ ಕೊಳ್ಳಬಾರದು. ನಮ್ಮ ಮಳೆಗಾಲದ ತೇವಕ್ಕೆ ಹಿಂಬದಿಯ ಅಂಟು ಪಸೆಯಾಗಿ ಚೀಟಿ ಆಲ್ಬಮ್ಮಿಗೇ ಕಚ್ಚಿಕೊಳ್ಳುವುದು ಇನ್ನೊಂದು ಸಂಕಟ. ಮಡಿಕೇರಿಯಲ್ಲಿ ಬೇಸಿಗೆ ರಜೆಯಲ್ಲಿ ಅಂಚೆ ಚೀಟಿ ಪ್ರದರ್ಶನವನ್ನೂ, ತಜ್ಞರಿಂದ ಚೀಟಿಗಳ ಪರಿಶೀಲನೆಯನ್ನೂ ಏರ್ಪಡಿಸಬೇಕೆಂದು ಅಂಚೆ ಇಲಾಖೆಯನ್ನು ವಿನಂತಿಸುತ್ತೇನೆ.

– ಓದುಗ, ಮಡಿಕೇರಿ