ಮೆಮೊರಿ ಅಗ್ಗ ಅಂದೆಯಲ್ಲ, ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ "ಈಗ ಮೆಮೊರಿ ಅಗ್ಗ ಅಮ್ಮಾ, ಪ್ರೊಗ್ರಾಮ್ ಸ್ವಲ್ಪ ನಿಧಾನ ಆದ್ರೆ ಏನೀಗ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಟ್ಟುವ ಮೊದಲು ನಾನು ಇಲ್ಲೇ ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ, ಗೊತ್ತಲ್ವಾ? ಡಾಸ್ ಕಾಲ, ಅಂದರೆ ಕಂಪ್ಯೂಟರ್ ನಡೆಸುವ ಹಳೇ ವ್ಯವಸ್ಥೆಯ ಕಾಲ. ಸಿಗುತ್ತಿದ್ದ ಮೆಮೊರಿ 640 ಕೆಬಿ, ಅದರಲ್ಲೂ ಡಾಸ್‌ಗೆ ಪಾಲು. ಶನಿವಾರ ಬಟವಾಡೆ. 400 ಹೆಂಗಸರು, ಸುಲಿದ ಬೀಜದ ಕಿಲೋ ಲೆಕ್ಕದಲ್ಲಿ ಕೂಲಿ. ಒಬ್ಬೊಬ್ಬರಿಗೂ ದಿನಕ್ಕೊಂದು ತೂಕದ ಚೀಟಿ. ನನ್ನ ಮೊದಲ ಪ್ರೊಗ್ರಾಮ್ ಪ್ರತಿ ಚೀಟಿಗೂ ಹೆಸರಿನ ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತಿತ್ತು. ಆರು ದಿನದ ಚೀಟಿ 2,400. ಒಂದೊಂದಕ್ಕೂ ಸರಾಸರಿ 200 ಹೆಸರು ಓದಬೇಕು. ಒಟ್ಟು 4,80,000 ಸಲ! ಎರಡು ಗಂಟೆಯಾದರೂ ಮುಗಿಯಲಿಲ್ಲ. ಹೊರಗೆ ಜಗಲಿಯಲ್ಲಿ ಹೆಂಗಸರು ಬುತ್ತಿಯ ಚೀಲ ಮಡಿಲಲ್ಲಿಟ್ಟು ಕೂತಿದ್ದರು. ಮುಡಿಪು ಕಡೆಯ ಕೊನೆಯ ಬಸ್ಸು ತಪ್ಪಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ದುಡ್ಡು ಎಣಿಸಿ, ಸೆರಗಿಗೆ ಗಂಟು ಹಾಕಿ, ಕತ್ತಲಲ್ಲಿ ನಡೆದೇ ಹೊರಟರು.

ಭಾನುವಾರ ಕೂತು ಹೆಂಗಸರ ಟೋಕನ್ ನಂಬರಿಗೆ ಇಂಡೆಕ್ಸ್ ಮಾಡಿದೆ, ಅಂದರೆ ನಂಬರು ಕೊಟ್ಟರೆ ಹೆಸರು ನೇರವಾಗಿ ಸಿಗುವ ಸೂಚಿ. ಮುಂದಿನ ಶನಿವಾರ ಹತ್ತೇ ನಿಮಿಷ. ಅದೇ ಮೆಷಿನ್ನು, ಅದೇ ಮೆಮೊರಿ.

ಹಳೇ ಕಥೆ ಅನ್ನಬೇಡ. ಗ್ರ್ಯಾಂಡ್ ಥೆಫ್ಟ್ ಆಟೊ ಆನ್‌ಲೈನ್ ಅನ್ನುವ ಕಂಪ್ಯೂಟರ್ ಆಟ ನಿನಗೇ ಗೊತ್ತು. 2013ರಲ್ಲಿ ಬಂದದ್ದು, ಲೋಡ್ ಆಗಲು ನಿಮಿಷಗಟ್ಟಲೆ ಕಾಯಬೇಕಿತ್ತು. 2021ರಲ್ಲಿ ಆಡುವವನೊಬ್ಬ ಬಗೆದು ನೋಡಿದ. 10 ಎಂಬಿಯ ಫೈಲು, ಆಟದೊಳಗೆ ಕೊಳ್ಳುವ ಸುಮಾರು 63,000 ಸಾಮಾನಿನ ಪಟ್ಟಿ. ಹೊಸದೊಂದು ಸೇರಿಸುವಾಗಲೆಲ್ಲ ಅದು ಆಗಲೇ ಇದೆಯಾ ಎಂದು ಆಟ ಪಟ್ಟಿಯನ್ನು ಮೊದಲಿನಿಂದ ನೋಡುತ್ತಿತ್ತು. ನನ್ನ ಚೀಟಿಯ ತಪ್ಪೇ! ಅವನು ಸರಿಮಾಡಿದಾಗ ಲೋಡ್ ಆಗುವ ಹೊತ್ತು ಶೇಕಡಾ 70ರಷ್ಟು ಇಳಿಯಿತು. ಕಂಪನಿ ಅವನಿಗೆ 10,000 ಡಾಲರ್ ಕೊಟ್ಟಿತು.

ಫೋನಿನಲ್ಲಿ ನೀನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಹೆಸರು ತೆಗೆದೆ. ನೂರರಲ್ಲಿ 97 ಸಲ ಸಣ್ಣಪುಟ್ಟ ಉಳಿತಾಯದ ಚಿಂತೆ ಬೇಡ ಎಂದು ಅವರು 1974ರಲ್ಲಿ ಬರೆದದ್ದು ನಿಜ. ಆದರೆ ಉಳಿದ ಮೂರನ್ನು ಬಿಟ್ಟುಕೊಡಬೇಡಿ ಎಂದು ಅದರ ಬೆನ್ನಿಗೇ ಬರೆದಿದ್ದಾರೆ. ಜನ ಅರ್ಧ ಮಾತ್ರ ಹೇಳುತ್ತಾರೆ, ನನಗೆ ಅದೇ ಬೇಜಾರು. ಆ ಮೂರು ಎಲ್ಲಿದೆ ಅಂತ ಸುಮ್ನೆ ಊಹೆ ಮಾಡಬೇಡ, ಅಳೆದು ನೋಡು.

ನಿನ್ನೆ ಬಂಗುಡೆ ತರಲು ಹೋಗಿದ್ದೆ. ಮೀನು ಮಾರುವ ಅಕ್ಕನ ಫೋನಿನಲ್ಲಿ ಮೆಮೊರಿ 2 ಜಿಬಿ ಮಾತ್ರ. ಹೊಸ ಅಪ್‌ಡೇಟ್ ಬಂದ ಮೇಲೆ ದುಡ್ಡಿನ ಆ್ಯಪ್ ಬೇಗ ತೆರೆಯುವುದೇ ಇಲ್ಲವಂತೆ. ನಾನು ಕಳಿಸಿದ್ದು ಬಂತಾ ಎಂದು ನೋಡಲು ಒದ್ದೆ ಕೈ ಸೀರೆಗೆ ಒರೆಸಿ ಒತ್ತಿದರು. ಚಕ್ರ ತಿರುಗುತ್ತಲೇ ಇತ್ತು. ಮತ್ತೆ ಒರೆಸಿ ಮತ್ತೆ ಒತ್ತಿದರು. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಪಕ್ಕದ ಬುಟ್ಟಿಗೆ ಹೋದರು. ಅವರಿಗೆ ಮೆಮೊರಿ ಅಗ್ಗ ಅಲ್ಲ, ಮಗಳೇ. ಹೊಸ ಫೋನಿಗೆ ಎಷ್ಟು ಬುಟ್ಟಿ ಬಂಗುಡೆ ಮಾರಬೇಕು ಹೇಳು?

ದಸರೆಗೆ ಬರುವಾಗ ನೀನು ಮಾಡುತ್ತಿರುವ ಆ್ಯಪ್ ನನ್ನ ಹಳೇ ಫೋನಿಗೆ ಹಾಕಿ ಕೊಡು. ಮಾರ್ಕೆಟ್ಟಿಗೆ ಒಟ್ಟಿಗೆ ಹೋಗಿ ತೆರೆದು ನೋಡೋಣ.

ನಿನ್ನ
ಅಮ್ಮ